ಮಲೆನಾಡಿನ ಕಲಾ ಮತ್ತು ವಿಜ್ಞಾನ ಕಾಲೇಜಿನಿಂದ ಜಾಗತಿಕ ಸಂಶೋಧನೆಗೆ: ಹೆಜ್ಜೆ ಹೆಜ್ಜೆಯ ಮಾರ್ಗದರ್ಶಿ

ಐದನೆಯ ಸೆಮಿಸ್ಟರ್‌ನ ಪರೀಕ್ಷೆ ಹತ್ತಿರ ಬಂದು, ಹಾಲ್ ಟಿಕೆಟ್ ತೆಗೆದುಕೊಳ್ಳಲು ವಿಭಾಗಕ್ಕೆ ಬಂದ ದಿನ ನಮ್ಮ ವಿದ್ಯಾರ್ಥಿಗಳು ಮೊದಲ ಬಾರಿಗೆ ವಿದೇಶದ ಓದಿನ ವಿಷಯ ಎತ್ತುತ್ತಾರೆ. ಶಿವಮೊಗ್ಗ ಸೀಮೆಯಲ್ಲಿ ಪಾಠ ಮಾಡಿಕೊಂಡು ಬಂದ ಇಷ್ಟು ವರ್ಷಗಳಲ್ಲಿ ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಹಾಗೆ ಕೇಳುವವರು ಓದಿನಲ್ಲಿ ಹಿಂದುಳಿದವರಲ್ಲ, ಅಂಕಗಳೂ ಅವರಿಗೆ ಕಡಿಮೆಯಿರುವುದಿಲ್ಲ. ಆದರೆ ಆ ಹೊತ್ತಿಗೆ ಆ ವರ್ಷದ ಬಹುಪಾಲು ಅರ್ಜಿಗಳ ಗಡುವು ಮುಗಿದಿರುತ್ತದೆ, ಪಾಸ್‌ಪೋರ್ಟ್ ಇರುವುದಿಲ್ಲ, ಪಠ್ಯಕ್ರಮದ ಆಚೆಗೆ ತಾನೇ ಮಾಡಿದ್ದು ಎಂದು ತೋರಿಸುವ ಒಂದು ಕೆಲಸವೂ ಕೈಯಲ್ಲಿರುವುದಿಲ್ಲ. ಈ ಮೂರೂ ಕೊರತೆಗಳು ಹದಿನೆಂಟು ತಿಂಗಳು ಮೊದಲೇ ಹೊರಟರೆ ಸರಿಹೋಗುವಂಥವು. ಆದ್ದರಿಂದ ಈ ಬರಹ ಮುಖ್ಯವಾಗಿ ಎರಡನೆಯ ಮತ್ತು ಮೂರನೆಯ ಸೆಮಿಸ್ಟರ್‌ನಲ್ಲಿರುವ ಬಿ.ಎ., ಬಿ.ಎಸ್‌ಸಿ. ವಿದ್ಯಾರ್ಥಿಗಳಿಗಾಗಿ ಇದೆ. ಎಂ.ಎ., ಎಂ.ಎಸ್‌ಸಿ. ಓದುತ್ತಿರುವವರಿಗೂ ಇದರ ಹೆಚ್ಚಿನ ಭಾಗ ಅನ್ವಯಿಸುತ್ತದೆ.

ಮೊದಲ ಹೆಜ್ಜೆ: ಊರಿನಲ್ಲೇ ಇರುವ ಪ್ರಶ್ನೆಯನ್ನು ಹಿಡಿಯುವುದು

ವಿದೇಶದ ಆಯ್ಕೆ ಸಮಿತಿಗೆ ನಿಮ್ಮ ಕಾಲೇಜಿನ ಹೆಸರು ಗೊತ್ತಿರುವುದಿಲ್ಲ. ಅವರು ನೋಡುವುದು ಈ ವಿದ್ಯಾರ್ಥಿ ಒಂದು ಪ್ರಶ್ನೆಯನ್ನು ತಾನಾಗಿ ಎತ್ತಿಕೊಂಡು ಅದರ ಹಿಂದೆ ಸ್ವಲ್ಪ ದೂರವಾದರೂ ನಡೆದಿದ್ದಾನೆಯೇ ಎಂಬುದನ್ನು. ಈ ವಿಷಯದಲ್ಲಿ ಮಲೆನಾಡಿನವರಿಗೆ ಇರುವಷ್ಟು ಅನುಕೂಲ ದೊಡ್ಡ ನಗರದ ವಿದ್ಯಾರ್ಥಿಗಳಿಗೂ ಇಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ಜಗತ್ತಿನ ಸಂಶೋಧನೆ ಇಲ್ಲಿಗೆ ಬಂದು ಶತಮಾನವೇ ದಾಟಿದೆ. ಕೆನಡಾದಿಂದ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಕುರಿತು 1910ರಲ್ಲೇ ವರದಿ ಪ್ರಕಟಿಸಿದರು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಇಲ್ಲಿಗೆ ಬಂದರು. ಆ ಕೇಂದ್ರವನ್ನು ರಾಕ್‌ಫೆಲರ್ ಪ್ರತಿಷ್ಠಾನದ ಸಹಭಾಗಿತ್ವದಲ್ಲಿ ಸ್ಥಾಪಿಸಲಾಗಿತ್ತು. ಅವರು ಗುರುತಿಸಿದ ವೈರಸ್ಸಿಗೆ ಇಂದಿಗೂ ಲೋಕದ ವೈದ್ಯಗ್ರಂಥಗಳಲ್ಲಿ ಆ ಕಾಡಿನ ಹೆಸರೇ ಇದೆ. ಆಗುಂಬೆಯಲ್ಲಿ ರೋಮ್ಯುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ಆರಂಭಿಸಿದರು. 2012ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ ಕುದುರೆಮುಖ, ಸೋಮೇಶ್ವರ ಮತ್ತು ಆಗುಂಬೆಯ ಕಾಡುಗಳಿವೆ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಕಂಡ ಕುಂಬಾರ ಕಪ್ಪೆಯನ್ನು 2014ರಲ್ಲಿ ಹೊಸ ಪ್ರಭೇದವೆಂದು ವಿವರಿಸಲಾಯಿತು. ಅದರ ಗಂಡು ತನ್ನ ಕೈಗಳಿಂದಲೇ ಮೊಟ್ಟೆಗಳ ಮೇಲೆ ಮಣ್ಣು ಬಳಿಯುತ್ತದೆ.

ಕಲಾ ವಿಭಾಗದವರಿಗೂ ಇಲ್ಲಿ ಬರವಿಲ್ಲ. ಕದಂಬರ ಇತಿಹಾಸಕ್ಕೆ ಆಧಾರವಾದ ತಾಳಗುಂದದ ಸ್ತಂಭ ಶಾಸನ ಶಿಕಾರಿಪುರ ತಾಲ್ಲೂಕಿನಲ್ಲಿದೆ, ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿಗಳಿವೆ, ತಿಗಳಾರಿ ಲಿಪಿಯ ಓಲೆಗಳಿವೆ. ಎಪಿಗ್ರಾಫಿಯ ಕರ್ನಾಟಿಕದ 7 ಮತ್ತು 8ನೆಯ ಸಂಪುಟಗಳು ಶಿವಮೊಗ್ಗ ಜಿಲ್ಲೆಯ ಶಾಸನಗಳಿಗೇ ಮೀಸಲು. ಅನೇಕ ಹಳೆಯ ಮನೆಗಳ ಅಟ್ಟದಲ್ಲಿ ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದ ಬಟ್ಟೆಯ ಕಡತಗಳನ್ನು ಇನ್ನೂ ಕಟ್ಟಿಟ್ಟಿರುತ್ತಾರೆ. ಸೊಪ್ಪಿನಬೆಟ್ಟದ ಹಕ್ಕು, ಶರಾವತಿ ಯೋಜನೆಯಿಂದ ಮುಳುಗಡೆಯಾದ ಊರುಗಳ ನೆನಪು, ದೀವರ ಚಿತ್ತಾರ, ಮಂಡಿಯ ಹಳೆಯ ಲೆಕ್ಕದ ಪುಸ್ತಕ ಇವುಗಳಲ್ಲಿ ಯಾವುದನ್ನು ಹಿಡಿದರೂ ಇತಿಹಾಸ, ಸಮಾಜಶಾಸ್ತ್ರ ಅಥವಾ ಅರ್ಥಶಾಸ್ತ್ರದ ಒಳ್ಳೆಯ ಪ್ರಶ್ನೆಯೊಂದು ಸಿಗುತ್ತದೆ.

ಪ್ರಶ್ನೆ ದೊಡ್ಡದಾಗಿರಬೇಕಿಲ್ಲ. ಹೊಸನಗರದ ಕಡೆಯ ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿ ಅವಳ ಅಜ್ಜ ಬರೆದಿಟ್ಟ ಮಳೆ ಲೆಕ್ಕದ ಪುಸ್ತಕವಿತ್ತು. ಬೈಂಡು ಕಿತ್ತುಹೋದ ಉದ್ದನೆಯ ಪುಸ್ತಕ ಅದು. ಎಡಕ್ಕೆ ತಾರೀಖು, ಬಲಕ್ಕೆ ಇಂಚು ಮತ್ತು ಸೆಂಟುಗಳಲ್ಲಿ ಮಳೆ, ಅಂಚಿನಲ್ಲಿ ಅಲ್ಲಲ್ಲಿ ‘ಔಷಧ ಹೊಡೆದದ್ದು’, ‘ಕೊಳೆ ಶುರು’ ಎಂಬ ಎರಡೆರಡು ಪದಗಳು. ಆ ಅಂಚಿನ ಟಿಪ್ಪಣಿಗಳನ್ನು ಅವಳು ಒಂದೊಂದಾಗಿ ಕಂಪ್ಯೂಟರಿನ ಕೋಷ್ಟಕಕ್ಕೆ ಇಳಿಸಿದಳು. ಕೊಳೆ ತಡೆಯಲು ಹೊಡೆಯುವ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆಗೂ ಕೊಳೆ ಕಾಣಿಸಿಕೊಂಡ ದಿನಕ್ಕೂ ನಡುವೆ ಎಷ್ಟು ಮಳೆ ಬಿದ್ದಿತ್ತು ಎಂದು ವರ್ಷವಾರು ಕೂಡಿಸಿದಳು. ಸಸ್ಯಶಾಸ್ತ್ರದ ಎರಡನೆಯ ವರ್ಷದ ಹುಡುಗಿ ಮಾಡಿದ ಈ ಕೆಲಸಕ್ಕೆ ಖರ್ಚಾದದ್ದು ಎರಡು ತಿಂಗಳ ಭಾನುವಾರಗಳು ಮಾತ್ರ. ಮುಂದೆ ಅವಳ ಪ್ರತಿಯೊಂದು ಅರ್ಜಿಯೂ ಈ ಪುಸ್ತಕದಿಂದಲೇ ಆರಂಭವಾಯಿತು. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದೆಯೇ ಎಂದು ಮೊದಲು ಹುಡುಕಿ.

ಮನೆಯಲ್ಲಿ ಏನೂ ಇಲ್ಲದವರು ಮಂಡಗದ್ದೆಯ ಪಕ್ಷಿಧಾಮದಲ್ಲೋ ಗುಡವಿಯ ಪಕ್ಷಿಧಾಮದಲ್ಲೋ ವಾರಕ್ಕೊಮ್ಮೆ ಒಂದೇ ಸ್ಥಳದಲ್ಲಿ, ಒಂದೇ ಹೊತ್ತಿನಲ್ಲಿ ಹಕ್ಕಿಗಳನ್ನು ಎಣಿಸಿ, ಹಕ್ಕಿಗಳ ದಾಖಲೆಯ ಜಾಲತಾಣವಾದ ಇ-ಬರ್ಡ್‌ಗೆ ಸೇರಿಸಬಹುದು. ಕಾಲೇಜಿನ ಆವರಣದ ಮರಗಳ ಚಿಗುರು, ಹೂವು, ಕಾಯಿಗಳನ್ನು ಅದಕ್ಕೆಂದೇ ಇರುವ ಸೀಸನ್‌ವಾಚ್‌ನಲ್ಲಿ ದಾಖಲಿಸಬಹುದು. ವರ್ಷವಿಡೀ ಬಿಡದೆ ಮಾಡಿದ ದಾಖಲೆಯನ್ನು ಯಾವ ಸಂಶೋಧಕರೂ ಲಘುವಾಗಿ ಕಾಣುವುದಿಲ್ಲ.

ಎರಡನೆಯ ಹೆಜ್ಜೆ: ಓದುವುದಕ್ಕೆ ಬಾಗಿಲು ತೆರೆದುಕೊಳ್ಳುವುದು

ನಿಮ್ಮ ಪ್ರಶ್ನೆಯ ಮೇಲೆ ಇತರರು ಏನು ಬರೆದಿದ್ದಾರೆಂದು ತಿಳಿಯದೆ ಮುಂದೆ ಹೋಗಬಾರದು. ಹಿಂದೆ ಇದೇ ದೊಡ್ಡ ಅಡ್ಡಿಯಾಗಿತ್ತು, ಏಕೆಂದರೆ ಒಳ್ಳೆಯ ನಿಯತಕಾಲಿಕೆಗಳ ಚಂದಾ ನಮ್ಮ ಕಾಲೇಜುಗಳ ಶಕ್ತಿಗೆ ಮೀರಿದ್ದು. 2025ರ ಜನವರಿಯಲ್ಲಿ ಆರಂಭವಾದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಈ ಸ್ಥಿತಿಯನ್ನು ಬದಲಿಸಿದೆ. 30 ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಇದರಡಿ ಸಿಗುತ್ತವೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಅಥವಾ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದರೆ ಗ್ರಂಥಪಾಲಕರ ಬಳಿ ಹೋಗಿ ನಮ್ಮ ಸಂಸ್ಥೆ ನೋಂದಣಿಯಾಗಿದೆಯೇ, ಲಾಗಿನ್ ಹೇಗೆ ಎಂದು ಕೇಳಿ. ಆಗಿಲ್ಲವಾದರೆ ಪ್ರಾಂಶುಪಾಲರಿಗೆ ಲಿಖಿತ ಮನವಿ ಕೊಡಿ. ಐದಾರು ವಿದ್ಯಾರ್ಥಿಗಳ ಸಹಿ ಇದ್ದರೆ ಕೆಲಸ ಬೇಗ ಆಗುತ್ತದೆ. ಖಾಸಗಿ ಕಾಲೇಜಿನವರು ಉಚಿತವಾಗಿ ತೆರೆದಿರುವ ಲೇಖನಗಳನ್ನು ಗೂಗಲ್ ಸ್ಕಾಲರ್‌ನಲ್ಲಿಯೂ, ಭಾರತೀಯ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಮಹಾಪ್ರಬಂಧಗಳನ್ನು ಶೋಧಗಂಗಾದಲ್ಲಿಯೂ ಓದಬಹುದು.

ವಾರಕ್ಕೆ ಒಂದು ಲೇಖನ ಸಾಕು. ಪ್ರತಿ ಲೇಖನಕ್ಕೂ ನೋಟ್‌ಪುಸ್ತಕದಲ್ಲಿ ಒಂದು ಪುಟ ಮೀಸಲಿಟ್ಟು, ಇವರ ಪ್ರಶ್ನೆ ಏನು, ಹೇಗೆ ಉತ್ತರ ಹುಡುಕಿದರು, ನನಗೆ ಅರ್ಥವಾಗದೆ ಉಳಿದದ್ದು ಯಾವುದು ಎಂದು ಕನ್ನಡದಲ್ಲೇ ಬರೆದುಕೊಳ್ಳಿ. ಕೊನೆಯ ಸಾಲೇ ಮುಂದೆ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಹಣ ಕೊಟ್ಟರೆ ಒಂದೇ ವಾರದಲ್ಲಿ ನಿಮ್ಮ ಪ್ರಬಂಧವನ್ನು ‘ಅಂತರರಾಷ್ಟ್ರೀಯ’ ನಿಯತಕಾಲಿಕೆಯಲ್ಲಿ ಪ್ರಕಟಿಸುವುದಾಗಿ ಹೇಳುವ ಮಿಂಚಂಚೆಗಳು ಬರುತ್ತವೆ. ಅವುಗಳಿಗೆ ಉತ್ತರಿಸಬೇಡಿ. ಅಂಥ ಪ್ರಕಟಣೆ ಅರ್ಜಿಯಲ್ಲಿದ್ದರೆ ವಿಷಯ ತಿಳಿದ ಸಮಿತಿ ಅದನ್ನು ನಿಮ್ಮ ವಿರುದ್ಧವೇ ಎಣಿಸುತ್ತದೆ. ಪದವಿ ಹಂತದಲ್ಲಿ ಪ್ರಕಟಣೆಯನ್ನು ಬಹುತೇಕ ಯಾರೂ ನಿರೀಕ್ಷಿಸುವುದಿಲ್ಲ.

ಮೂರನೆಯ ಹೆಜ್ಜೆ: ದೇಶದೊಳಗೆ ಒಂದು ಬೇಸಿಗೆ

ನೇರವಾಗಿ ಹೊರದೇಶಕ್ಕೆ ಅರ್ಜಿ ಹಾಕುವ ಮುನ್ನ ಬೆಂಗಳೂರಿನಂಥ ಊರಿನ ಒಳ್ಳೆಯ ಸಂಶೋಧನಾ ಸಂಸ್ಥೆಯಲ್ಲಿ ಎರಡು ತಿಂಗಳು ಕೆಲಸ ಮಾಡುವುದು ಅತ್ಯಂತ ಸುಲಭವಾದ, ಅತ್ಯಂತ ಫಲಕಾರಿಯಾದ ಮೆಟ್ಟಿಲು. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಇನ್ನೆರಡು ವಿಜ್ಞಾನ ಅಕಾಡೆಮಿಗಳೊಂದಿಗೆ ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ತೆರೆದಿದೆ. ಇದರ ಅರ್ಜಿ ಮಳೆಗಾಲ ಮುಗಿಯುವ ಹೊತ್ತಿಗೆ ಕರೆದು ಚಳಿಗಾಲಕ್ಕೆ ಮುಂಚೆಯೇ ಮುಗಿದುಹೋಗುತ್ತದೆ. ನಮ್ಮವರು ತಪ್ಪಿಸಿಕೊಳ್ಳುವುದು ಇಲ್ಲಿಯೇ, ಬೇಸಿಗೆಯ ಕೆಲಸಕ್ಕೆ ಬೇಸಿಗೆಯಲ್ಲಿ ಅರ್ಜಿ ಹಾಕಿದರಾಯಿತು ಎಂದುಕೊಂಡಿರುತ್ತಾರೆ. ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳಲ್ಲಿಯೂ ವಿದ್ಯಾರ್ಥಿಗಳಿಗಾಗಿ ಪ್ರತ್ಯೇಕ ಕಾರ್ಯಕ್ರಮಗಳಿವೆ.

ಮೂಲವಿಜ್ಞಾನ ಓದುತ್ತಾ ಇನ್‌ಸ್ಪೈರ್ ವಿದ್ಯಾರ್ಥಿವೇತನ ಪಡೆಯುತ್ತಿರುವವರು ಅದರ ವಾರ್ಷಿಕ 80,000 ರೂಪಾಯಿಗಳಲ್ಲಿ 20,000 ರೂಪಾಯಿ ಬೇಸಿಗೆ ಯೋಜನೆಗೆಂದೇ ಇದೆ ಎಂಬುದನ್ನು ಗಮನಿಸಬೇಕು. ಎಷ್ಟೋ ಮಂದಿ ಅದನ್ನು ಕಾಲೇಜಿನಲ್ಲೇ ಒಂದು ಹೆಸರಿಗಷ್ಟೇ ವರದಿ ಬರೆದು ಮುಗಿಸುತ್ತಾರೆ. ಅದೇ ಹಣದಲ್ಲಿ ಬೇರೊಂದು ಪ್ರಯೋಗಾಲಯವನ್ನು ನೋಡಿ ಬರಬಹುದಿತ್ತಲ್ಲ ಎಂದು ನನಗೆ ಪ್ರತಿ ವರ್ಷವೂ ಬೇಸರವಾಗುತ್ತದೆ.

ಕಲಾ ವಿಭಾಗದವರಿಗೆ ಇಷ್ಟು ಸಿದ್ಧವಾದ ಯೋಜನೆಗಳಿಲ್ಲ, ಅವರು ತಾವೇ ಕೇಳಿ ಪಡೆಯಬೇಕು. 1955ರಲ್ಲಿ ಸ್ಥಾಪನೆಯಾದ ಪುದುಚೇರಿಯ ಫ್ರೆಂಚ್ ಸಂಸ್ಥೆಯಲ್ಲಿ ಹಸ್ತಪ್ರತಿ, ಸಮಾಜವಿಜ್ಞಾನ ಮತ್ತು ಪರಿಸರ ಮೂರೂ ವಿಭಾಗಗಳಿವೆ. ಅಲ್ಲಿನವರು ಸಿದ್ಧಪಡಿಸಿದ ದಕ್ಷಿಣ ಭಾರತದ ಅರಣ್ಯ ನಕ್ಷೆಗಳಲ್ಲಿ ಶಿವಮೊಗ್ಗದ ಹಾಳೆಯೂ ಒಂದು. ಹೊರದೇಶಗಳ ಸಂಶೋಧಕರು ಮಲೆನಾಡಿಗೆ ಕ್ಷೇತ್ರಕಾರ್ಯಕ್ಕೆ ಬಂದಾಗ ಅವರಿಗೆ ಕನ್ನಡ ಬಲ್ಲ, ಊರು ಬಲ್ಲ ಸಹಾಯಕರು ಬೇಕಾಗುತ್ತಾರೆ. ಹಾಗೆ ಒಂದು ತಿಂಗಳು ಸಂದರ್ಶನಗಳ ಧ್ವನಿಮುದ್ರಣವನ್ನು ಬರಹಕ್ಕೆ ಇಳಿಸಿಕೊಟ್ಟವರಿಗೆ ಸಂಶೋಧನೆಯ ಶಿಸ್ತೂ ಸಿಗುತ್ತದೆ, ಶಿಫಾರಸು ಬರೆಯಬಲ್ಲ ಒಬ್ಬ ಹಿರಿಯರ ಪರಿಚಯವೂ ಆಗುತ್ತದೆ. ಸಂಭಾವನೆ ಎಷ್ಟು, ಪ್ರಬಂಧದಲ್ಲಿ ಹೆಸರು ಸೇರುತ್ತದೆಯೇ ಎಂಬುದನ್ನು ಕೆಲಸ ಆರಂಭಿಸುವ ಮೊದಲೇ ಕೇಳಿಕೊಳ್ಳಿ.

ಪ್ರಾಧ್ಯಾಪಕರಿಗೆ ಬರೆಯುವ ಮೊದಲ ಪತ್ರ

ಈ ಒಂದು ಪತ್ರದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ‘ಗೌರವಾನ್ವಿತರೇ, ನಾನು ಕಠಿಣ ಪರಿಶ್ರಮಿಯೂ ಆಸಕ್ತಳೂ ಆದ ವಿದ್ಯಾರ್ಥಿನಿ, ನಿಮ್ಮ ಗೌರವಾನ್ವಿತ ಪ್ರಯೋಗಾಲಯದಲ್ಲಿ ಅವಕಾಶ ಕೊಡಬೇಕಾಗಿ ವಿನಂತಿ’ ಎಂದು ಬರೆದು ಅದನ್ನೇ ಐವತ್ತು ಜನರಿಗೆ ಕಳುಹಿಸುತ್ತಾರೆ. ಒಂದಕ್ಕೂ ಉತ್ತರ ಬರುವುದಿಲ್ಲ. ಯಾರಿಗೆ ಬೇಕಾದರೂ ಕಳುಹಿಸಬಹುದಾದ ಪತ್ರಕ್ಕೆ ಉತ್ತರಿಸುವ ಹೊಣೆ ಯಾರಿಗೂ ಇಲ್ಲ.

ಹೊಸನಗರದ ಆ ವಿದ್ಯಾರ್ಥಿನಿಯ ಪತ್ರದ ಸಾರಾಂಶ ಹೀಗಿತ್ತು. ಮೊದಲ ವಾಕ್ಯದಲ್ಲಿ ತಾನು ಯಾರು, ಯಾವ ವರ್ಷ, ಯಾವ ವಿಷಯ. ಎರಡನೆಯದರಲ್ಲಿ ಆ ಪ್ರಾಧ್ಯಾಪಕರ ಯಾವ ಲೇಖನ ಓದಿದೆ, ಅದರ ಯಾವ ಚಿತ್ರದಲ್ಲಿ ಮಳೆಯ ಒಟ್ಟು ಪ್ರಮಾಣವನ್ನಷ್ಟೇ ತೆಗೆದುಕೊಂಡಿದ್ದಾರೆ ಎಂಬುದು. ಮೂರನೆಯದರಲ್ಲಿ, ನಮ್ಮ ಮನೆಯ ಮಳೆ ಪುಸ್ತಕದಲ್ಲಿ ನೋಡಿದಾಗ ಒಟ್ಟು ಮಳೆಗಿಂತ ಬಿಡುವಿಲ್ಲದೆ ಸುರಿದ ದಿನಗಳೇ ಕೊಳೆಗೆ ಹೆಚ್ಚು ಹೊಂದುವಂತೆ ಕಾಣುತ್ತದೆ, ಇದನ್ನು ಸರಿಯಾಗಿ ಪರೀಕ್ಷಿಸುವ ವಿಧಾನ ನನಗೆ ಗೊತ್ತಿಲ್ಲ ಎಂಬ ಪ್ರಾಮಾಣಿಕ ಮಾತು. ಕೊನೆಗೆ, ಏಪ್ರಿಲ್‌ನಿಂದ ಎಂಟು ವಾರ ಬಂದು ಕಲಿಯಲು ಸಾಧ್ಯವೇ ಎಂಬ ನೇರ ಪ್ರಶ್ನೆ. ಒಂದು ಪುಟದ ಸ್ವವಿವರ ಜೊತೆಗಿತ್ತು. ನಾಲ್ಕು ಜನರಿಗೆ ನಾಲ್ಕು ಬೇರೆ ಬೇರೆ ಪತ್ರ ಬರೆದಳು, ಇಬ್ಬರು ಉತ್ತರಿಸಿದರು, ಒಬ್ಬರು ಕರೆದರು.

ಪತ್ರವನ್ನು ನಿಮ್ಮ ಪೂರ್ಣ ಹೆಸರಿರುವ ಮಿಂಚಂಚೆ ವಿಳಾಸದಿಂದ ಕಳುಹಿಸಿ. ಎರಡು ವಾರ ಕಾದು ಒಮ್ಮೆ ಮಾತ್ರ ವಿನಯದಿಂದ ನೆನಪಿಸಿ. ಇಂಗ್ಲಿಷ್ ಭಾಷೆ ಸರಳವಾಗಿದ್ದರೆ ಸಾಕು, ಕೃತಕ ಬುದ್ಧಿಮತ್ತೆಯಿಂದ ಬರೆಸಿದ ಅಲಂಕಾರದ ಪತ್ರಕ್ಕಿಂತ ಒಂದೆರಡು ತಪ್ಪಿರುವ ಸ್ವಂತ ಪತ್ರಕ್ಕೆ ಬೆಲೆ ಹೆಚ್ಚು.

ನಾಲ್ಕನೆಯ ಹೆಜ್ಜೆ: ಹೊರದೇಶದ ಯಾವ ಅವಕಾಶ ಯಾವಾಗ

ಅಲ್ಪಾವಧಿಯ ಸಂಶೋಧನಾ ಇಂಟರ್ನ್‌ಶಿಪ್‌ಗಳಲ್ಲಿ ವಿಜ್ಞಾನದವರು ಮೊದಲು ನೋಡಬೇಕಾದದ್ದು ಜಪಾನಿನ ಓಕಿನಾವಾ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯದು. ವರ್ಷಕ್ಕೆ ಎರಡು ಸಲ, ಏಪ್ರಿಲ್ 15 ಮತ್ತು ಅಕ್ಟೋಬರ್ 15ಕ್ಕೆ ಅರ್ಜಿಯ ಗಡುವು ಬರುತ್ತದೆ. ಪ್ರಯಾಣ, ವಸತಿ ಮತ್ತು ದಿನಭತ್ಯೆಯ ವ್ಯವಸ್ಥೆ ಇದೆ. ಸೌದಿ ಅರೇಬಿಯಾದ ಕಿಂಗ್ ಅಬ್ದುಲ್ಲಾ ವಿಶ್ವವಿದ್ಯಾಲಯವೂ ಮೂರರಿಂದ ಆರು ತಿಂಗಳ ಸಂದರ್ಶಕ ವಿದ್ಯಾರ್ಥಿ ಕಾರ್ಯಕ್ರಮ ನಡೆಸುತ್ತದೆ. ಫ್ರಾನ್ಸಿನ ಶಾರ್ಪಾಕ್ ವಿದ್ಯಾರ್ಥಿವೇತನದಲ್ಲಿ ಪ್ರಯೋಗಾಲಯದ ಅಲ್ಪಾವಧಿ ಕೆಲಸಕ್ಕೆ ಪ್ರತ್ಯೇಕ ವಿಭಾಗವಿದೆ. ಭೌತಶಾಸ್ತ್ರ ಮತ್ತು ಗಣಕವಿಜ್ಞಾನದವರು ಜಿನೀವಾದ ಕಣಭೌತ ಪ್ರಯೋಗಾಲಯವಾದ ಸರ್ನ್‌ನ ಬೇಸಿಗೆ ಕಾರ್ಯಕ್ರಮವನ್ನೂ ಗಮನಿಸಬಹುದು. ಭಾರತ 2017ರಿಂದ ಅದರ ಸಹ ಸದಸ್ಯ ರಾಷ್ಟ್ರವಾಗಿದೆ.

ಸ್ನಾತಕೋತ್ತರ ಓದಿಗೆ ಹೋಗುವವರು ಮೊದಲು ಅರ್ಥ ಮಾಡಿಕೊಳ್ಳಬೇಕಾದದ್ದು ಪದವಿಯ ಅವಧಿಯ ಲೆಕ್ಕ. ಕರ್ನಾಟಕದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಬಂತು, 2024-25ರಿಂದ ಮತ್ತೆ ಮೂರು ವರ್ಷದ ಪದವಿ ಜಾರಿಯಾಯಿತು. ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿಯನ್ನೇ ಕೇಳುತ್ತವೆ. ಫುಲ್‌ಬ್ರೈಟ್-ನೆಹರೂ ಸ್ನಾತಕೋತ್ತರ ಫೆಲೋಶಿಪ್ ಕೂಡ ನಾಲ್ಕು ವರ್ಷದ ಪದವಿಯನ್ನು, ಅದು ಇಲ್ಲದಿದ್ದರೆ ಪದವಿಯ ಮೇಲೆ ಪೂರ್ಣಗೊಂಡ ಸ್ನಾತಕೋತ್ತರ ಪದವಿ ಅಥವಾ ಪೂರ್ಣಾವಧಿ ಡಿಪ್ಲೊಮಾವನ್ನು ಕೇಳುತ್ತದೆ. ಜೊತೆಗೆ ಕನಿಷ್ಠ 55 ಶೇಕಡ ಅಂಕ ಮತ್ತು ಮೂರು ವರ್ಷದ ವೇತನಸಹಿತ ಪೂರ್ಣಾವಧಿ ಕೆಲಸದ ಅನುಭವ ಬೇಕು. ಆದ್ದರಿಂದ ಮೂರು ವರ್ಷದ ಪದವಿಯವರು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೋ ಬೇರೆಡೆಯೋ ಎಂ.ಎ., ಎಂ.ಎಸ್‌ಸಿ. ಮುಗಿಸಿ ಅಮೆರಿಕದ ಕಡೆ ನೋಡುವುದು ಸರಿಯಾದ ಕ್ರಮ. ಇಂಗ್ಲೆಂಡಿನ ಬಹುತೇಕ ವಿಶ್ವವಿದ್ಯಾಲಯಗಳು ಮೂರು ವರ್ಷದ ಪದವಿಯನ್ನು ಒಪ್ಪುತ್ತವೆ, ಜರ್ಮನಿಯಲ್ಲಿ ಕೋರ್ಸಿನಿಂದ ಕೋರ್ಸಿಗೆ ನಿಯಮ ಬದಲಾಗುತ್ತದೆ.

ಯುರೋಪಿನ ಎರಾಸ್ಮಸ್ ಮುಂಡಸ್ ಜಂಟಿ ಸ್ನಾತಕೋತ್ತರ ಕೋರ್ಸುಗಳನ್ನು ನಾನು ನಮ್ಮ ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ಮೊದಲು ಸೂಚಿಸುತ್ತೇನೆ. ಕೆಲಸದ ಅನುಭವವನ್ನು ಅವು ಸಾಮಾನ್ಯವಾಗಿ ಕಡ್ಡಾಯ ಮಾಡುವುದಿಲ್ಲ, ಎರಡು ಅಥವಾ ಹೆಚ್ಚು ದೇಶಗಳಲ್ಲಿ ಓದಿಸುತ್ತವೆ, ಆಯ್ಕೆಯಾದವರಿಗೆ ತಿಂಗಳಿಗೆ 1,400 ಯೂರೊ ಭತ್ಯೆ ಗರಿಷ್ಠ 24 ತಿಂಗಳವರೆಗೆ ಸಿಗುತ್ತದೆ. ಪರಿಸರ ವಿಜ್ಞಾನದಿಂದ ಸಂಸ್ಕೃತಿ ಅಧ್ಯಯನದವರೆಗೆ ಹಲವು ವಿಷಯಗಳಿವೆ, ಕಲಾ ವಿಭಾಗದವರಿಗೂ ಬಾಗಿಲು ಅಷ್ಟೇ ಅಗಲವಾಗಿದೆ. ಇಂಗ್ಲೆಂಡಿನ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ 2,800 ಗಂಟೆ, ಅಂದರೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಬೇಕು, ಓದು ಮುಗಿಸಿ ಎರಡು ವರ್ಷ ತಾಯ್ನಾಡಿನಲ್ಲಿರಬೇಕೆಂಬ ಷರತ್ತೂ ಇದೆ. ಪದವಿ ಮುಗಿಸಿ ಅತಿಥಿ ಉಪನ್ಯಾಸಕರಾಗಿಯೋ ಸ್ವಯಂಸೇವಾ ಸಂಸ್ಥೆಯಲ್ಲೋ ದುಡಿಯುತ್ತಿರುವವರು ತಮ್ಮ ಗಂಟೆಗಳ ಲೆಕ್ಕ ಇಟ್ಟುಕೊಳ್ಳಲಿ. ಪಿಎಚ್.ಡಿ.ಗೆ ನೋಂದಾಯಿಸಿಕೊಂಡವರಿಗೆ ಫುಲ್‌ಬ್ರೈಟ್-ನೆಹರೂ ಡಾಕ್ಟೊರಲ್ ಫೆಲೋಶಿಪ್ ಆರರಿಂದ ಒಂಬತ್ತು ತಿಂಗಳು ಅಮೆರಿಕದಲ್ಲಿ ಸಂಶೋಧನೆ ಮಾಡಲು ನೆರವಾಗುತ್ತದೆ.

ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕ ಮತ್ತು ಸಾಂಪ್ರದಾಯಿಕ ಕುಶಲಕರ್ಮಿ ಕುಟುಂಬದವರಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರಬಾರದು, ವಯಸ್ಸು 35ರೊಳಗಿರಬೇಕು, 60 ಶೇಕಡ ಅಂಕ ಬೇಕು. ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ಸಚಿವಾಲಯದ ಪ್ರತ್ಯೇಕ ಯೋಜನೆಯಿದೆ, ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯೂ ಇದೆ. ಕಲಾ ವಿಭಾಗದವರು ಒಂದು ಸಂಗತಿ ಗಮನಿಸಬೇಕು: ಕೇಂದ್ರದ ಯೋಜನೆಯ 2022ರ ಮಾರ್ಗಸೂಚಿಯಲ್ಲಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಸಮಾಜವನ್ನು ಕುರಿತ ಅಧ್ಯಯನಗಳನ್ನು ಕೈಬಿಡಲಾಯಿತು. ನನ್ನ ಮಟ್ಟಿಗೆ ಇದು ಅನ್ಯಾಯದ ನಿಯಮ, ಏಕೆಂದರೆ ತಮ್ಮ ಸಮುದಾಯದ ಚರಿತ್ರೆಯನ್ನು ತಾವೇ ಬರೆಯಬೇಕೆಂದು ಹೊರಟವರಿಗೇ ಅದು ತಡೆಯಾಗುತ್ತದೆ. ಅರ್ಜಿ ಹಾಕುವ ವರ್ಷದ ಮಾರ್ಗಸೂಚಿಯನ್ನು ಪೂರ್ತಿ ಓದಿ, ನಿಮ್ಮ ವಿಷಯ ಅದರೊಳಗೆ ಬರುತ್ತದೆಯೇ ಎಂದು ಖಚಿತಪಡಿಸಿಕೊಂಡೇ ಮುಂದುವರಿಯಿರಿ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ಪಡೆದಿಟ್ಟುಕೊಳ್ಳಿ.

ಐದನೆಯ ಹೆಜ್ಜೆ: ಹೆಸರು, ಅಂಕಪಟ್ಟಿ, ಶಿಫಾರಸು

ನಮ್ಮ ಕಡೆ ಹೆಸರಿನ ಮುಂದೆ ಊರು ಮತ್ತು ತಂದೆಯ ಹೆಸರಿನ ಇನಿಶಿಯಲ್ ಇರುತ್ತದೆಯೇ ಹೊರತು ಉಪನಾಮವೆಂಬುದು ಅನೇಕರಿಗೆ ಇರುವುದಿಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಸುಮಾ ಎಚ್. ಎನ್.’, ಆಧಾರ್‌ನಲ್ಲಿ ‘ಸುಮಾ’, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ‘ಎಚ್. ಎನ್. ಸುಮಾ’ ಎಂದು ಮೂರು ಬಗೆ ಇದ್ದರೆ ವೀಸಾ ಹಂತದಲ್ಲಿ ಇವರು ಮೂವರೇ ಒಬ್ಬರೇ ಎಂಬ ಪ್ರಶ್ನೆ ಏಳುತ್ತದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಶಿಯಲ್‌ಗಳನ್ನು ಬಿಡಿಸಿ ಬರೆಯಬೇಕು. ಉಪನಾಮದ ಜಾಗವನ್ನು ಖಾಲಿ ಬಿಟ್ಟವರಿಗೆ ಕೆಲವು ದೇಶಗಳ ವೀಸಾದಲ್ಲಿ ತೊಡಕಾಗುತ್ತದೆ. ಆದ್ದರಿಂದ ಮೂರನೆಯ ಸೆಮಿಸ್ಟರ್‌ನಲ್ಲೇ ಎಸ್‌ಎಸ್‌ಎಲ್‌ಸಿ ದಾಖಲೆಗೆ ಹೊಂದುವಂತೆ ಆಧಾರ್ ತಿದ್ದಿಸಿ, ಇನಿಶಿಯಲ್‌ನ ಪೂರ್ಣರೂಪವನ್ನು ಉಪನಾಮದ ಜಾಗದಲ್ಲಿ ಕೊಟ್ಟು ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿ. ಸಾಮಾನ್ಯ ಅರ್ಜಿಯ ಶುಲ್ಕ 1,500 ರೂಪಾಯಿ. ಅಂಚೆ ಕಚೇರಿಗಳಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ಬಂದ ಮೇಲೆ ಇದಕ್ಕಾಗಿ ಬೆಂಗಳೂರಿನವರೆಗೆ ಹೋಗುವ ಅಗತ್ಯ ತಪ್ಪಿದೆ. ಮುಂದೆ ಎಲ್ಲ ಅರ್ಜಿಗಳಲ್ಲೂ ಪಾಸ್‌ಪೋರ್ಟಿನಲ್ಲಿರುವಂತೆಯೇ ಅಕ್ಷರ ಬಿಡದೆ ಹೆಸರು ಬರೆಯಿರಿ.

ಅಂಕಪಟ್ಟಿ ಬೇರೆ, ಟ್ರಾನ್ಸ್‌ಕ್ರಿಪ್ಟ್ ಬೇರೆ. ಎಲ್ಲ ಸೆಮಿಸ್ಟರ್‌ಗಳ ವಿಷಯ ಮತ್ತು ಅಂಕಗಳನ್ನು ಒಟ್ಟಾಗಿ ತೋರಿಸಿ ವಿಶ್ವವಿದ್ಯಾಲಯದ ಪರೀಕ್ಷಾಂಗ ವಿಭಾಗ ಕೊಡುವ ದೃಢೀಕೃತ ಪತ್ರವೇ ಟ್ರಾನ್ಸ್‌ಕ್ರಿಪ್ಟ್. ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯವರು ಇದಕ್ಕೆ ಶಂಕರಘಟ್ಟಕ್ಕೆ ಹೋಗಬೇಕು, ಒಂದೇ ಸಲಕ್ಕೆ ನಾಲ್ಕೈದು ಮುಚ್ಚಿದ ಲಕೋಟೆಗಳನ್ನು ಕೇಳಿ ಪಡೆಯುವುದು ಒಳ್ಳೆಯದು. ಬೋಧನಾ ಮಾಧ್ಯಮ ಇಂಗ್ಲಿಷ್ ಎಂಬ ಪತ್ರವನ್ನೂ ಪ್ರಾಂಶುಪಾಲರಿಂದ ಪಡೆದಿಟ್ಟುಕೊಳ್ಳಿ, ಕೆಲವು ವಿಶ್ವವಿದ್ಯಾಲಯಗಳು ಅದನ್ನೇ ಭಾಷಾ ಪರೀಕ್ಷೆಯ ಬದಲಿಗೆ ಒಪ್ಪುತ್ತವೆ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆ ಬೇಕೇಬೇಕು ಎಂದಾದರೆ ಅದರ ಅಂಕ ಎರಡು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ ಎಂಬುದನ್ನು ನೆನಪಿಟ್ಟು ದಿನ ಗೊತ್ತುಪಡಿಸಿಕೊಳ್ಳಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಅದರಲ್ಲಿ ಬರವಣಿಗೆಗಿಂತ ಕೇಳಿ ಅರ್ಥ ಮಾಡಿಕೊಳ್ಳುವ ಭಾಗವೇ ಕಷ್ಟವಾಗುವುದನ್ನು ನೋಡಿದ್ದೇನೆ. ದಿನಕ್ಕೆ ಅರ್ಧ ಗಂಟೆ ಇಂಗ್ಲಿಷ್ ವಾರ್ತೆ ಅಥವಾ ವಿಜ್ಞಾನದ ಉಪನ್ಯಾಸ ಕೇಳುವ ಅಭ್ಯಾಸ ಆರು ತಿಂಗಳಲ್ಲಿ ಬಹಳ ವ್ಯತ್ಯಾಸ ತರುತ್ತದೆ.

ಶಿಫಾರಸು ಪತ್ರವನ್ನು ಕೇಳುವಾಗ ಅಧ್ಯಾಪಕರಿಗೆ ಕನಿಷ್ಠ ನಾಲ್ಕು ವಾರ ಸಮಯ ಕೊಡಿ. ಜೊತೆಗೆ ನೀವು ಯಾವ ಪತ್ರಿಕೆಯಲ್ಲಿ ಎಷ್ಟು ಅಂಕ ಪಡೆದಿರಿ, ಯಾವ ಯೋಜನೆ ಮಾಡಿದಿರಿ, ಅರ್ಜಿ ಯಾವುದಕ್ಕೆ, ಗಡುವು ಯಾವಾಗ ಎಂಬ ಒಂದು ಪುಟದ ಟಿಪ್ಪಣಿ ಇಡಿ. ‘ನೀನೇ ಬರೆದು ತಾ, ಸಹಿ ಹಾಕುತ್ತೇನೆ’ ಎಂದು ಹೇಳುವ ರೂಢಿ ನಮ್ಮಲ್ಲಿದೆ. ಅದಕ್ಕೆ ಒಪ್ಪಬೇಡಿ. ಒಬ್ಬ ವಿದ್ಯಾರ್ಥಿಗಾಗಿ ಬಂದ ಎರಡು ಪತ್ರಗಳ ಶೈಲಿ ಒಂದೇ ಆಗಿದ್ದರೆ ಅದು ಮೊದಲ ಓದಿಗೇ ಗೊತ್ತಾಗುತ್ತದೆ. ನಮ್ಮ ಕಾಲೇಜುಗಳ ಅನೇಕ ಅಧ್ಯಾಪಕರು ಜಿಮೇಲ್ ವಿಳಾಸ ಬಳಸುತ್ತಾರೆ, ವಿದೇಶದ ಸಂಸ್ಥೆಗಳು ಸಂಸ್ಥೆಯ ಅಧಿಕೃತ ವಿಳಾಸವನ್ನು ಕೇಳುತ್ತವೆ. ಅಧಿಕೃತ ವಿಳಾಸ ಇಲ್ಲವಾದರೆ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಮುದ್ರೆಸಹಿತ ಪತ್ರ ಬೇಕಾಗುತ್ತದೆ, ಇದನ್ನು ಮೊದಲೇ ವಿಚಾರಿಸಿಕೊಳ್ಳಿ.

ಉದ್ದೇಶ ಹೇಳಿಕೆಯನ್ನು ‘ಬಾಲ್ಯದಿಂದಲೂ ನನಗೆ ವಿಜ್ಞಾನವೆಂದರೆ ಆಸಕ್ತಿ’ ಎಂದು ಆರಂಭಿಸಬೇಡಿ. ಮಳೆ ಪುಸ್ತಕದ ಅಂಚಿನಲ್ಲಿದ್ದ ‘ಕೊಳೆ ಶುರು’ ಎಂಬ ಎರಡು ಪದಗಳಿಂದ ಆರಂಭಿಸಿದರೆ ಓದುವವರು ಮುಂದಿನ ಸಾಲಿಗೆ ತಾವಾಗಿ ಬರುತ್ತಾರೆ. ಅದರ ನಂತರ ನೀವು ಕಲಿತದ್ದು, ಇನ್ನೂ ತಿಳಿಯದಿರುವುದು, ಆ ತಿಳಿವಿಗೆ ಇದೇ ಕೋರ್ಸು ಏಕೆ ಬೇಕು ಎಂಬುದು ಇಷ್ಟೇ ಸಾಕು.

ಹಣ ಮತ್ತು ಸಾಲ

ಪೂರ್ಣ ವಿದ್ಯಾರ್ಥಿವೇತನ ಸಿಗದವರಿಗೆ ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳು ಅನುಕೂಲಕರ. ಬಾಡನ್-ವ್ಯೂರ್ಟೆಂಬರ್ಗ್ ರಾಜ್ಯ ಯುರೋಪಿನ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರ್‌ಗೆ 1,500 ಯೂರೊ ಪಡೆಯುವುದನ್ನು ಬಿಟ್ಟರೆ ಹೆಚ್ಚಿನ ರಾಜ್ಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ವೀಸಾಕ್ಕೆ ಮುನ್ನ ಒಂದು ವರ್ಷದ ಜೀವನವೆಚ್ಚವನ್ನು ನಿರ್ಬಂಧಿತ ಖಾತೆಯಲ್ಲಿ ಇಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ಈ ಮೊತ್ತವನ್ನು 11,904 ಯೂರೊಗೆ ಏರಿಸಲಾಯಿತು. 2022ರ ನವೆಂಬರ್‌ನಿಂದ ಭಾರತೀಯ ವಿದ್ಯಾರ್ಥಿಗಳು ದಾಖಲೆ ಪರಿಶೀಲನೆಯ ಎಪಿಎಸ್ ಪ್ರಮಾಣಪತ್ರವನ್ನೂ ಪಡೆಯಬೇಕಾಗಿದೆ.

ಬ್ಯಾಂಕ್ ಸಾಲದ ವಿಷಯದಲ್ಲಿ ಮಲೆನಾಡಿನ ಕುಟುಂಬಗಳಿಗೆ ವಿಶೇಷ ತೊಡಕೊಂದಿದೆ. ಸುಮಾರು 7.5 ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುವುದಿಲ್ಲ, ಅದರ ಮೇಲೆ ಕೇಳುತ್ತಾರೆ. ಆಗ ತೋಟದ ಪಹಣಿ ಹಿಡಿದು ಹೋದರೆ ಅನೇಕ ಬ್ಯಾಂಕುಗಳು ಒಪ್ಪುವುದಿಲ್ಲ, ಏಕೆಂದರೆ ಸಾಲ ವಸೂಲಿಗೆ ಬಳಸುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಬಗರ್‌ಹುಕುಂ ಸಾಗುವಳಿಯ ಜಮೀನಿನ ಮಾತಂತೂ ಏಳುವುದೇ ಇಲ್ಲ. ಅಲಿನೇಷನ್ ಆದ, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆಯಾದ ನಿವೇಶನ, ಇ-ಸ್ವತ್ತು ಇರುವ ಮನೆ, ಠೇವಣಿ ಅಥವಾ ಜೀವವಿಮೆ ಇದ್ದರೆ ಕೆಲಸ ಸುಲಭ. ಮನೆಗೆ ಇ-ಸ್ವತ್ತು ಇಲ್ಲದಿದ್ದರೆ ಅದಕ್ಕೆ ಪಂಚಾಯಿತಿಯಲ್ಲಿ ಒಂದು ವರ್ಷ ಮೊದಲೇ ಅರ್ಜಿ ಕೊಡಿ, ಪ್ರವೇಶಪತ್ರ ಬಂದ ಮೇಲೆ ಓಡಾಡಿದರೆ ಸಮಯ ಸಾಲುವುದಿಲ್ಲ.

ಏಜೆಂಟರ ಬಗ್ಗೆಯೂ ತಿಳಿದಿರಲಿ. ವಿದ್ಯಾರ್ಥಿಯನ್ನು ಕಳುಹಿಸಿದ್ದಕ್ಕೆ ಕೆಲವು ವಿಶ್ವವಿದ್ಯಾಲಯಗಳಿಂದ ಅವರಿಗೆ ಕಮಿಷನ್ ಬರುತ್ತದೆ, ಆದ್ದರಿಂದ ಶುಲ್ಕ ಹೆಚ್ಚಿರುವ ಕೋರ್ಸುಗಳನ್ನೇ ಮುಂದಿಡುತ್ತಾರೆ. ಫುಲ್‌ಬ್ರೈಟ್, ಚೀವ್ನಿಂಗ್ ಅರ್ಜಿಗಳಿಗೆ ಶುಲ್ಕವಿಲ್ಲ, ಮಧ್ಯವರ್ತಿಯೂ ಬೇಕಿಲ್ಲ.

ಕಾಡಿನ ವಸ್ತು ಮತ್ತು ಕಾನೂನು

ಕ್ಷೇತ್ರಕಾರ್ಯ ಮಾಡುವವರು ಇದನ್ನು ಬಿಟ್ಟು ಓದಬಾರದು. ರಕ್ಷಿತಾರಣ್ಯದಲ್ಲಿ ಯಾವ ಮಾದರಿ ಸಂಗ್ರಹಿಸಲೂ ಅರಣ್ಯ ಇಲಾಖೆಯ ಅನುಮತಿ ಬೇಕು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸಂಶೋಧನೆಗಾಗಿ ಜೈವಿಕ ಮಾದರಿಗಳನ್ನು ವಿದೇಶಕ್ಕೆ ಕೊಡುವುದಕ್ಕೂ ನಿಯಮಗಳಿವೆ. ಪ್ರಾಧ್ಯಾಪಕರಿಗೆ ತೋರಿಸಬೇಕೆಂದು ಎಲೆಚುಕ್ಕೆ ರೋಗದ ಒಣ ಎಲೆಯೊಂದನ್ನು ಸೂಟ್‌ಕೇಸಿನಲ್ಲಿ ಇಟ್ಟುಕೊಂಡು ಹೋಗುವುದೂ ತಪ್ಪಾಗುತ್ತದೆ. ಛಾಯಾಚಿತ್ರ ಮತ್ತು ಅಂಕಿಅಂಶ ಒಯ್ಯಿರಿ. ಮೇಲೆ ಹೇಳಿದ ಕ್ಯಾಸನೂರು ವೈರಸ್ಸಿನ ರೋಗವಾದ ಮಂಗನ ಕಾಯಿಲೆಯ ಸೀಮೆಯಲ್ಲಿ ನವೆಂಬರ್‌ನಿಂದ ಮೇ ವರೆಗೆ ಕಾಡಿಗೆ ಹೋಗುವವರು ಉಣುಗು ಕಚ್ಚದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಈ ರೋಗ ಹರಡುವ ಉಣುಗುಗಳನ್ನು ಕುತೂಹಲಕ್ಕಾಗಿ ಸಂಗ್ರಹಿಸುವ ಕೆಲಸ ಬೇಡವೇ ಬೇಡ. ಜನರ ಸಂದರ್ಶನ ಮಾಡುವವರು ಅವರ ಒಪ್ಪಿಗೆಯನ್ನು ಕನ್ನಡದಲ್ಲೇ ಓದಿ ಹೇಳಿ ಪಡೆಯಲಿ, ಮನೆಯ ಕಡತದ ಚಿತ್ರ ತೆಗೆದುಕೊಂಡವರು ಅದರ ಒಂದು ಪ್ರತಿಯನ್ನು ಆ ಮನೆಗೂ ಕೊಡಲಿ.

ಕೊನೆಯ ಹೆಜ್ಜೆ: ಅರ್ಜಿ ಸಲ್ಲಿಸುವ ವಾರ

ಗಡುವಿನ ಗಂಟೆ ಆಯಾ ದೇಶದ್ದು. ಜಪಾನಿನ ಮಧ್ಯರಾತ್ರಿ ನಮಗೆ ರಾತ್ರಿ ಎಂಟೂವರೆಗೇ ಆಗುತ್ತದೆ, ಮಧ್ಯ ಯುರೋಪಿನ ಚಳಿಗಾಲದ ಮಧ್ಯರಾತ್ರಿ ನಮ್ಮ ಮಾರನೆಯ ಬೆಳಗಿನ ನಾಲ್ಕೂವರೆ. ಅಕ್ಟೋಬರ್‌ನ ಗುಡುಗು ಮಳೆಗೆ ಕರೆಂಟು, ನೆಟ್‌ವರ್ಕ್ ಎರಡೂ ಹೋದ ರಾತ್ರಿಗಳನ್ನು ತೀರ್ಥಹಳ್ಳಿ, ಹೊಸನಗರದವರಿಗೆ ನಾನು ವಿವರಿಸಬೇಕಿಲ್ಲ. ಗಡುವಿಗೆ ಒಂದು ವಾರ ಮೊದಲೇ ತಾಲ್ಲೂಕು ಕೇಂದ್ರದಲ್ಲೋ ಕಾಲೇಜಿನ ಪ್ರಯೋಗಾಲಯದಲ್ಲೋ ಕುಳಿತು ಅರ್ಜಿ ಮುಗಿಸಿ. ಸಲ್ಲಿಕೆಯಾದ ದೃಢೀಕರಣದ ಪುಟವನ್ನು ಮುದ್ರಿಸಿ ಫೈಲಿಗೆ ಸೇರಿಸಿ, ಶಿಫಾರಸು ಬರೆದವರ ಪತ್ರ ತಲುಪಿದೆಯೇ ಎಂದು ಜಾಲತಾಣದಲ್ಲಿ ನೋಡಿ ಅವರಿಗೊಂದು ಮಾತು ತಿಳಿಸಿ.

ಮೊದಲ ವರ್ಷ ಆಯ್ಕೆಯಾಗದಿದ್ದರೆ ಕಾರಣ ತಿಳಿಸಲು ಸಾಧ್ಯವೇ ಎಂದು ಬರೆದು ಕೇಳಿ. ಕೆಲವರು ಎರಡು ಸಾಲು ಉತ್ತರಿಸುತ್ತಾರೆ. ಆ ಎರಡು ಸಾಲನ್ನು ಅದೇ ಫೈಲಿನ ಮೊದಲ ಪುಟವಾಗಿ ಇಟ್ಟುಕೊಂಡು, ಪಾಸ್‌ಪೋರ್ಟ್, ಟ್ರಾನ್ಸ್‌ಕ್ರಿಪ್ಟ್‌ಗಳು ಹೇಗೂ ಸಿದ್ಧವಿರುವುದರಿಂದ, ಆ ವರ್ಷದ ಬಿಡುವನ್ನೆಲ್ಲ ನಿಮ್ಮ ಪ್ರಶ್ನೆಯ ಕೆಲಸಕ್ಕೆ ಕೊಡಿ. ಹೊಸನಗರದ ವಿದ್ಯಾರ್ಥಿನಿಗೆ ಎರಾಸ್ಮಸ್ ಸಿಕ್ಕಿದ್ದು ಎರಡನೆಯ ಸಲ. ಆ ನಡುವಿನ ಮಳೆಗಾಲದಲ್ಲಿ ಅವಳು ಪಕ್ಕದ ಮೂರು ಮನೆಗಳ ಮಳೆ ಪುಸ್ತಕಗಳನ್ನೂ ಕೇಳಿ ತಂದು ಕೋಷ್ಟಕಕ್ಕೆ ಸೇರಿಸಿದ್ದಳು.